ಸ್ಪೀಕರ್‌ನಲ್ಲಿದ್ದ ಪಿಕಪ್

ಒಂದು ಸೋಮವಾರ ಬೆಳಗ್ಗೆ ನನ್ನ ಕಾರು ನಿಧಾನವಾಯಿತು.

ಕೆಟ್ಟಿರಲಿಲ್ಲ. ಎಂಜಿನ್ ಸರಿ ಇತ್ತು, ಗೇರು ಸರಿ ಇತ್ತು, ಮೀಟರ್ ಬೋರ್ಡಿನಲ್ಲಿ ಒಂದು ಕೆಂಪು ದೀಪವೂ ಇರಲಿಲ್ಲ. ನಾವಿರುವುದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ. ಮನೆಯಿಂದ ಆಫೀಸಿಗೆ ಹೋಗುವಾಗ ಹೈವೇಗೆ ಹತ್ತುವ ಒಂದು ತಿರುವು ಸಿಗುತ್ತದೆ. ದಿನಾ ಅಲ್ಲಿ ಒಂದು ಸಲ ಆಕ್ಸಿಲರೇಟರ್ ಪೂರ್ತಿ ತುಳಿಯುವುದು ನನ್ನ ರೂಢಿ. ಇಡೀ ದಿನದಲ್ಲಿ ಕಾರು ಸ್ಪೋರ್ಟ್ಸ್ ಕಾರಾಗುತ್ತಿದ್ದದ್ದು ಆ ಏಳೆಂಟು ಸೆಕೆಂಡು ಮಾತ್ರ. ಆವತ್ತೂ ತುಳಿದೆ. ಕಾರು ಹೋಯಿತು, ಆದರೆ ಹೋದ ಹಾಗೆ ಅನಿಸಲಿಲ್ಲ. ಸೀಟು ಬೆನ್ನಿಗೆ ಒತ್ತಲಿಲ್ಲ. ತಿರುವು ಮುಗಿಯುವ ಹೊತ್ತಿಗೆ ಮುಳ್ಳು ಎಂದಿನ ಜಾಗದಲ್ಲೇ ಇತ್ತು, 65 ಮೈಲಿಯ ಹತ್ತಿರ. ಆದರೂ ಎಳೆತ ಕಮ್ಮಿಯಾಗಿದೆ ಅಂತ ಮೈ ಹೇಳುತ್ತಿತ್ತು.

ಸಂಜೆ ವಾಪಸ್ ಬರುವಾಗ ಹಾಡು ಹಾಕಲು ಹೋದೆ. ಸದ್ದೇ ಇಲ್ಲ. ಆಡಿಯೊ ಆಂಪ್ಲಿಫಯರ್‌ನ ಫ್ಯೂಸ್ ಸುಟ್ಟಿತ್ತು. ಮನೆ ಮುಂದೆ ನಿಲ್ಲಿಸಿ, ಟಾರ್ಚ್ ಹಿಡಿದು, ಮ್ಯಾನ್ಯುಯಲ್ ತೆರೆದು ಕೂತೆ. ಆಗ ಗೊತ್ತಾಯಿತು. ಆ ಕಾರಿನಲ್ಲಿ ಎಂಜಿನ್ನಿನ ಗುಡುಗಿನಲ್ಲಿ ಒಂದು ಪಾಲು ಬರುತ್ತಿದ್ದದ್ದು ಸ್ಪೀಕರ್‌ಗಳಿಂದ. ಮರುದಿನ ಬೆಳಗ್ಗೆ ಹೊಸ ಫ್ಯೂಸ್ ಹಾಕಿ ಹೊರಟೆ. ಅದೇ ತಿರುವು, ಅದೇ ಕಾಲು. ಸೀಟು ಮತ್ತೆ ಬೆನ್ನಿಗೆ ಒತ್ತಿತು.

ಆಮೇಲೆ ಎಷ್ಟೋ ದಿನ ನಾನು ಇದನ್ನೇ ಯೋಚಿಸಿದೆ. ಫ್ಯೂಸ್ ಹೋದದ್ದು ಕಿವಿಯದು. ನಿಧಾನವಾದದ್ದು ಬೆನ್ನು.

ಕಾರಿನ ಹೆಸರು ಇಲ್ಲಿ ಬೇಡ. ಉದ್ದ ಮೂತಿಯ, ಎರಡು ಬಾಗಿಲಿನ ಕೂಪೆ ಅಂದುಕೊಳ್ಳಿ. ಈ ಪದ್ಧತಿ ಅದೊಂದರದ್ದೇ ಅಲ್ಲ. 2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಕೂಡ ಎಂಜಿನ್ನಿನ ಸದ್ದನ್ನು ಸ್ಪೀಕರ್ ಮೂಲಕ ಒಳಗೆ ಕೊಡುತ್ತಿತ್ತು. ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಟರ್ಬೊ ಬಂದ ಮೇಲೆ ಎಂಜಿನ್ನಿನ ದನಿ ಮಂಕಾಯಿತು. ಹೊರಗಿನ ಸದ್ದು ಒಳಗೆ ಬಾರದ ಹಾಗೆ ಕಾರುಗಳನ್ನು ಬಿಗಿಯಾಗಿ ಕಟ್ಟುವುದೂ ಜಾಸ್ತಿಯಾಯಿತು. ಶಕ್ತಿ ಏರಿತು, ಸದ್ದು ಇಳಿಯಿತು. ಇಳಿದದ್ದನ್ನು ಬೇರೆ ದಾರಿಯಲ್ಲಿ ವಾಪಸ್ ತಂದರು.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಹತ್ತಿರ. ಗಾಡಿಯ ವಿಷಯಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಮಾತಿದೆ: ಪಿಕಪ್. "ಪಿಕಪ್ ಹೆಂಗಿದೆ?" ಅಂತಲೇ ಕೇಳುವುದು. ಅಮೆರಿಕದಲ್ಲಿ ಪಿಕಪ್ ಅಂದರೆ ಹಿಂದೆ ಸಾಮಾನು ತುಂಬುವ ಟ್ರಕ್ಕು. ನಮಗೆ ಅದು ಒಂದು ಅನುಭವ. ಅದನ್ನು ಸೆಕೆಂಡಿನಲ್ಲಿ ಅಳೆದು ಹೇಳಿದವರನ್ನು ನಾನು ನೋಡಿಲ್ಲ. ಕೂತು ಬಂದವನು ಹೇಳಬೇಕು, ಕೇಳಿದವನು ನಂಬಬೇಕು.

ನಮ್ಮ ಮಾವನ ಹತ್ತಿರ ಯಮಹಾ ಆರ್‌ಎಕ್ಸ್ 100 ಇತ್ತು. ಎದುರು ಮನೆಯವರದ್ದು ಬುಲೆಟ್. ಬುಲೆಟ್ ಸ್ಟಾರ್ಟ್ ಆದರೆ ನಮ್ಮ ಜಗುಲಿಯಲ್ಲಿಟ್ಟ ಲೋಟ ನಡುಗುತ್ತಿತ್ತು. ಊರಿನ ಹುಡುಗರಿಗೆಲ್ಲ ಅದೇ ದೊಡ್ಡ ಗಾಡಿ, ಅದಕ್ಕೇ ಜಾಸ್ತಿ ಶಕ್ತಿ. ಲೆಕ್ಕದಲ್ಲೂ ಅದು ನಿಜವೇ. ಹಳೆಯ 350 ಬುಲೆಟ್‌ಗೆ 18 ಹಾರ್ಸ್‌ಪವರ್, ಆರ್‌ಎಕ್ಸ್‌ಗೆ 11. ಆದರೆ ಆರ್‌ಎಕ್ಸ್‌ನ ತೂಕ ನೂರು ಕೆಜಿಯ ಆಸುಪಾಸು, ಬುಲೆಟ್ ಅದಕ್ಕಿಂತ ಒಂದೂವರೆ ಪಟ್ಟು ಭಾರ. ಕುಶಾವತಿಯ ಕಡೆಯ ಏರಿನಲ್ಲಿ ಮಾವ ಎರಡನೇ ಗೇರಿಗೆ ಇಳಿಸಿ ರೈಸ್ ಮಾಡಿದರೆ ಆ ಟೂ ಸ್ಟ್ರೋಕ್ ಕೂಗು ಹಿಂದೆ ಕೂತ ನನ್ನ ಎದೆಯೊಳಗೆ ಹೋಗುತ್ತಿತ್ತು. ನಾನು ಅವರ ಬೆಲ್ಟ್ ಹಿಡಿದುಕೊಳ್ಳುತ್ತಿದ್ದೆ. ಬುಲೆಟ್ ಎಷ್ಟೋ ಹಿಂದೆ ಉಳಿಯುತ್ತಿತ್ತು.

ದೊಡ್ಡದು, ಭಾರದ್ದು, ಗುಡುಗುವಂಥದ್ದು ಒಂದು ಕಡೆ. ಸಣ್ಣದು, ಹಗುರವಾದದ್ದು, ಕೂಗುವಂಥದ್ದು ಇನ್ನೊಂದು ಕಡೆ. ಇಷ್ಟು ವಯಸ್ಸಾದ ಮೇಲೂ ನನ್ನ ಆಯ್ಕೆ ಈ ಎರಡರ ನಡುವೆಯೇ ಓಡಾಡಿದೆ.

ಕಣ್ಣಿನ ವಿಷಯಕ್ಕೆ ಬರುತ್ತೇನೆ. ಸ್ಪೋರ್ಟ್ಸ್ ಕಾರನ್ನು ಮೊದಲು ಕೊಳ್ಳುವುದು ಕಣ್ಣು. ಉದ್ದ ಬಾನೆಟ್, ಹಿಂದಕ್ಕೆ ಸರಿದ ಸೀಟು, ಕಡಿದ ಹಾಗಿರುವ ಹಿಂಭಾಗ, ಹಿಂದಿನ ಚಕ್ರದ ಮೇಲೆ ತೊಡೆಯಂತೆ ಉಬ್ಬಿದ ಮೈ. ಈ ಆಕಾರ ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ವೇಗದ ಕಾರುಗಳಲ್ಲಿ ಆರು, ಎಂಟು, ಹನ್ನೆರಡು ಸಿಲಿಂಡರ್‌ಗಳ ಉದ್ದುದ್ದ ಎಂಜಿನ್ ಇರುತ್ತಿತ್ತು. ಅದನ್ನು ಇಡಲು ಉದ್ದ ಮೂತಿ ಬೇಕಿತ್ತು. ಕಣ್ಣು ಅದನ್ನು ಕಲಿಯಿತು: ಮೂತಿ ಉದ್ದ ಇದ್ದರೆ ಒಳಗೆ ದೊಡ್ಡದೇನೋ ಇದೆ. ಈಗ ಆ ಮೂತಿಯ ಕೆಳಗೆ ನಾಲ್ಕು ಸಿಲಿಂಡರ್ ಇಟ್ಟರೂ ಕಣ್ಣು ತನ್ನ ಹಳೆಯ ಪಾಠವನ್ನೇ ಓದುತ್ತದೆ.

ಫೋರ್ಡ್ ಮಸ್ಟಾಂಗ್ ಕತೆ ನೋಡಿ. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಅದನ್ನು ಜನರ ಮುಂದಿಟ್ಟರು. ಆರಂಭದ ಬೆಲೆ 2,368 ಡಾಲರ್. ಅಡಿಯಲ್ಲಿದ್ದದ್ದು ಫಾಲ್ಕನ್ ಅನ್ನುವ ಸಾಧಾರಣ ಸಂಸಾರದ ಕಾರಿನ ಮೂಳೆ. ಎಲ್ಲಕ್ಕಿಂತ ಅಗ್ಗದ ಮಾದರಿಯಲ್ಲಿ ಆರು ಸಿಲಿಂಡರ್‌ನ ನೂರರಷ್ಟು ಹಾರ್ಸ್‌ಪವರ್‌ನ ಎಂಜಿನ್. ಮೊದಲ ದಿನವೇ 22,000 ಆರ್ಡರ್ ಬಂದವು. ಮೊದಲ ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಕಾರು ಹೋದವು. ಆ ನಾಲ್ಕು ಲಕ್ಷ ಜನ ಮೋಸ ಹೋದರು ಅಂತ ನನಗೆ ಅನಿಸುವುದಿಲ್ಲ. ಆಫೀಸಿಗೆ ಹೋಗಿಬರುವ ಒಬ್ಬ ಗುಮಾಸ್ತನಿಗೆ ಬೆಳಗ್ಗೆ ಬಾಗಿಲು ತೆಗೆದಾಗ ಮನೆ ಮುಂದೆ ಆ ಚಂದದ ಗಾಡಿ ನಿಂತಿರುತ್ತಿತ್ತು. ಅದರಲ್ಲಿ ಅವನಿಗೆ ಸಿಕ್ಕ ಸಂತೋಷ ನಿಜವಾದದ್ದು. ಅದಕ್ಕೆ ಅವನು ದುಡ್ಡು ಕೊಟ್ಟಿದ್ದ, ಅದು ಅವನಿಗೆ ಸಿಕ್ಕಿತು.

ನಾನು ಹಾಗೆ ಕೊಳ್ಳಲಿಲ್ಲ ಅಂದುಕೊಂಡಿದ್ದೆ. 2018ರಲ್ಲಿ ಆ ಕೂಪೆ ಕೊಳ್ಳುವ ಮುಂಚೆ ಎಕ್ಸೆಲ್ ಶೀಟ್ ಮಾಡಿದ್ದೆ. ಹಾರ್ಸ್‌ಪವರ್ ಒಂದು ಸಾಲು, ತೂಕ ಒಂದು ಸಾಲು, ಸೊನ್ನೆಯಿಂದ 60 ಮೈಲಿ ವೇಗಕ್ಕೆ ಎಷ್ಟು ಸೆಕೆಂಡ್ ಅನ್ನುವುದು ಒಂದು ಸಾಲು. ಲುಕ್ ನೋಡಿ ಕೊಳ್ಳುವವರು ಬೇರೆ, ಲೆಕ್ಕ ನೋಡಿ ಕೊಳ್ಳುವ ನಾನು ಬೇರೆ ಅನ್ನುವ ನಂಬಿಕೆ ಗಟ್ಟಿಯಾಗಿತ್ತು. ಫ್ಯೂಸ್ ಸುಟ್ಟ ಮೇಲೆ ಆ ಶೀಟನ್ನು ಇನ್ನೊಮ್ಮೆ ತೆರೆದೆ. ಆಗ ಅದು ಬೇರೆಯಾಗಿ ಕಂಡಿತು. ಅಂಕಿಯೂ ಒಂದು ಲುಕ್ಕೇ. ಕಾರಿನ ಮೈ ನೋಡಿ ಮರುಳಾಗುವುದಿಲ್ಲ ಅನ್ನುವವರಿಗಾಗಿ ಇರುವ ಲುಕ್ ಅದು.

ಸೊನ್ನೆಯಿಂದ 60 ಅನ್ನುವುದನ್ನೇ ತೆಗೆದುಕೊಳ್ಳಿ. ಅಮೆರಿಕದ ಹೆಚ್ಚಿನ ಪತ್ರಿಕೆಗಳು ಅಳೆಯುವಾಗ ಮೊದಲ ಒಂದು ಅಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೇರ ದಾರಿಯಲ್ಲಿ ಓಡಿಸುವ ಡ್ರ್ಯಾಗ್ ರೇಸಿನಿಂದ ಬಂದ ಪದ್ಧತಿ. ಕಾರು ಒಂದು ಅಡಿ ಉರುಳಿದ ಮೇಲೆ ಗಡಿಯಾರ ಶುರು. ಅದರಿಂದ ಕಾಲು ಸೆಕೆಂಡಿನ ಹತ್ತಿರ ಉಳಿಯುತ್ತದೆ. ನಾನು ಶೀಟಿನಲ್ಲಿ ಎರಡು ಕಾರುಗಳ ನಡುವೆ 0.2 ಸೆಕೆಂಡ್ ವ್ಯತ್ಯಾಸ ನೋಡಿ ಒಂದನ್ನು ಅಳಿಸಿಹಾಕಿದ್ದೆ! ಆ 0.2 ಸೆಕೆಂಡನ್ನು ನನ್ನ ಮೈ ಯಾವತ್ತಾದರೂ ಕಂಡುಹಿಡಿಯುತ್ತಿತ್ತಾ?

ಈಗಂತೂ ಆ ಅಂಕಿಗೆ ಮೊದಲಿನ ತೂಕ ಇಲ್ಲ. ಮಕ್ಕಳನ್ನು ಶಾಲೆಗೆ ಬಿಡುವ ಟೆಸ್ಲಾ ಮಾಡೆಲ್ 3ರ ಪರ್ಫಾರ್ಮೆನ್ಸ್ ಮಾದರಿ ಮೂರು ಸೆಕೆಂಡಿನ ಆಸುಪಾಸಿನಲ್ಲಿ 60 ಮೈಲಿ ಮುಟ್ಟುತ್ತದೆ. ಅದಕ್ಕೂ ಮುಂಚೆಯೇ 301 ಹಾರ್ಸ್‌ಪವರ್‌ನ, ಆರು ಸಿಲಿಂಡರ್‌ನ ಟೊಯೊಟಾ ಕ್ಯಾಮ್ರಿ ಅನ್ನುವ ಸಂಸಾರದ ಕಾರು ಇತ್ತು. ಅದೇ ಟೊಯೊಟಾ ಸುಬಾರು ಜೊತೆ ಸೇರಿ 2012ರಲ್ಲಿ 86 ಅನ್ನುವ ಪುಟ್ಟ ಸ್ಪೋರ್ಟ್ಸ್ ಕಾರು ಬಿಟ್ಟಿತು. ಅದಕ್ಕೆ 200 ಹಾರ್ಸ್‌ಪವರ್ ಮಾತ್ರ. ನೇರ ರಸ್ತೆಯಲ್ಲಿ ಕ್ಯಾಮ್ರಿಯೇ ಮುಂದೆ. ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ ಅದಕ್ಕೆ ಟರ್ಬೊ ಹಾಕಲಿಲ್ಲ, ಅಗಲ ಟೈರೂ ಹಾಕಲಿಲ್ಲ. ಪೆಟ್ರೋಲ್ ಉಳಿಸುವ ಪ್ರಿಯಸ್ ಕಾರಿಗೂ ಕೊಡುತ್ತಿದ್ದ ಸಾಧಾರಣ ಟೈರನ್ನೇ ಹಾಕಿಸಿದರು. ಹಿಡಿತ ಕಮ್ಮಿ ಇದ್ದರೆ ಮಾಮೂಲಿ ವೇಗದಲ್ಲೇ ಕಾರು ಕೈಗೆ ಮಾತಾಡುತ್ತದೆ ಅನ್ನುವುದು ಲೆಕ್ಕ. ಓಡಿಸಿದವರು ಹೊಗಳಿದರು. ಅಂಕಿ ನೋಡಿದವರು "ಇನ್ನೊಂದು 50 ಇದ್ದಿದ್ದರೆ" ಅಂತ ಹತ್ತು ವರ್ಷ ಹೇಳುತ್ತಲೇ ಇದ್ದರು.

ಆ ದೂರಿನಲ್ಲೂ ಒಂದು ನಿಜ ಇತ್ತು. ನಿಮಿಷಕ್ಕೆ 4,000 ಸುತ್ತಿನ (ಆರ್‌ಪಿಎಂ) ಆಸುಪಾಸಿನಲ್ಲಿ ಆ ಎಂಜಿನ್ನಿನ ಎಳೆತದಲ್ಲಿ ಒಂದು ಹಳ್ಳ ಇತ್ತು. ಹತ್ತುತ್ತಾ ಹತ್ತುತ್ತಾ ಅಲ್ಲಿ ಸುಸ್ತಾದ ಹಾಗೆ ಆಗುತ್ತಿತ್ತು. ಮಾಮೂಲಿ ಓಡಾಟದಲ್ಲಿ ಎಲ್ಲರೂ ತುಳಿಯುವ ಜಾಗವೇ ಅದು. ಮುಂದಿನ ತಲೆಮಾರಿಗೆ 2.4 ಲೀಟರ್ ಎಂಜಿನ್ ಕೊಟ್ಟು 228ಕ್ಕೆ ಏರಿಸಿದರು, ಹಳ್ಳವೂ ತುಂಬಿತು. ನಾನು ಎರಡನ್ನೂ ಟೆಸ್ಟ್ ಡ್ರೈವ್ ಮಾಡಿದ್ದೇನೆ. ಜಾಸ್ತಿಯಾದ 28 ನನಗೆ ತಿಳಿಯಲಿಲ್ಲ. ಹಳ್ಳ ಹೋದದ್ದು ಮೊದಲ ಸಿಗ್ನಲ್ಲಿನಲ್ಲೇ ತಿಳಿಯಿತು.

ಪೋರ್ಷೆಯವರಿಗೆ ಪಾಠ ಕಲಿಸಿದ್ದು ಕಿವಿ. 2016ರಲ್ಲಿ ಬಾಕ್ಸ್‌ಸ್ಟರ್ ಮತ್ತು ಕೇಮನ್ ಅನ್ನುವ ಸ್ಪೋರ್ಟ್ಸ್ ಕಾರುಗಳ ಆರು ಸಿಲಿಂಡರ್ ಎಂಜಿನ್ ತೆಗೆದು ನಾಲ್ಕು ಸಿಲಿಂಡರ್‌ನ ಟರ್ಬೊ ಹಾಕಿದರು. ಕೇಮನ್‌ನ ಶಕ್ತಿ 275ರಿಂದ 300ಕ್ಕೆ ಏರಿತು. ಕಾರು ಮೊದಲಿಗಿಂತ ವೇಗವಾಯಿತು. ಎಲ್ಲ ಅಂಕಿಯೂ ಮೇಲೆ. ಆದರೆ ಆ ಹಳೆಯ ಕೂಗು ಹೋಯಿತು. ಅಭಿಮಾನಿಗಳು ಒಪ್ಪಲೇ ಇಲ್ಲ. ಕೊನೆಗೆ 2019ರಿಂದಾಚೆ ದುಬಾರಿ ಮಾದರಿಗಳಲ್ಲಿ ನಾಲ್ಕು ಲೀಟರ್‌ನ ಆರು ಸಿಲಿಂಡರ್ ವಾಪಸ್ ಬಂತು. ಲೆಕ್ಕ ಗೊತ್ತಿರುವ ಜನ, ಕೈತುಂಬ ಡಾಲರ್ ಇಡುವ ಜನ, ಸದ್ದಿಗಾಗಿ ಹಟ ಹಿಡಿದರು. ಅವರ ಪರವಾಗಿ ನಾನಿದ್ದೇನೆ. ಊಟಕ್ಕೆ ಕೂತಾಗ ಸಾರಿನ ಪರಿಮಳ ಬೇರೆ, ರುಚಿ ಬೇರೆ ಅಂತ ಯಾರು ಬಿಡಿಸಿ ನೋಡುತ್ತಾರೆ?

ಇನ್ನು ಗಾತ್ರ. ಇದರ ಬಗ್ಗೆ ನನಗೆ ಬೇಜಾರಿದೆ, ಮುಚ್ಚಿಡುವುದಿಲ್ಲ. 1964ರ ಪೋರ್ಷೆ 911ರ ಅಗಲ 1.61 ಮೀಟರ್. ಈಗಿನದ್ದು 1.85. ಉದ್ದವೂ 4.16ರಿಂದ 4.5 ಮೀಟರ್ ದಾಟಿ ಬೆಳೆದಿದೆ. ಅಪಘಾತದ ನಿಯಮಗಳು, ಏರ್‌ಬ್ಯಾಗು, ಅಗಲ ಟೈರು, ದೊಡ್ಡ ಬ್ರೇಕು, ಸದ್ದು ತಡೆಯುವ ಪದರ, ಎಲ್ಲಕ್ಕೂ ಜಾಗ ಬೇಕು ನಿಜ. ಆದರೆ ಕೊಳ್ಳುವವರ ಕಣ್ಣೂ ದೊಡ್ಡದನ್ನೇ ಕೇಳುತ್ತದೆ. ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ಕಾರು ಕಾಣಬೇಕು ಅಲ್ವಾ? ದೊಡ್ಡ ಚಕ್ರ ಹಾಕಿದರೆ ಕಾರು ಗಟ್ಟಿಯಾಗಿ ನೆಲ ಕಚ್ಚಿದ ಹಾಗೆ ಕಾಣುತ್ತದೆ. ಓಡಿಸುವಾಗ ಅದೇ ಚಕ್ರದ ಭಾರ ಸ್ಟೇರಿಂಗಿಗೂ ಸೊಂಟಕ್ಕೂ ತಿಳಿಯುತ್ತದೆ. ಶೋರೂಮಿನಲ್ಲಿ ನಿಂತ ಕಾರಿಗೆ ಸೊಂಟದ ಚಿಂತೆ ಇರುವುದಿಲ್ಲ.

ಮಜ್ದಾ ಮಿಯಾಟಾ ಅನ್ನುವ ಎರಡು ಸೀಟಿನ, ಟಾಪ್ ತೆಗೆಯಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು ನೋಡಲು ಹೋದ ದಿನ ನನ್ನ ಹೆಂಡತಿಯೂ ಬಂದಿದ್ದಳು. ಹಳೆಯ ಕಾರು ಮಾರುವ ಜಾಗದಲ್ಲಿ ಎರಡು ದೊಡ್ಡ ಟ್ರಕ್ಕುಗಳ ನಡುವೆ ಅದು ನಿಂತಿತ್ತು. ಹತ್ತಿರ ಹೋಗುವ ತನಕ ಕಾಣಲೇ ಇಲ್ಲ. "ಇಷ್ಟೇನಾ?" ಅಂದಳು. ಅಷ್ಟೇ. 3,915 ಮಿಲಿಮೀಟರ್ ಉದ್ದ. ನಮ್ಮೂರಿನ ಸ್ವಿಫ್ಟ್‌ಗಿಂತ ನಾಲ್ಕು ಬೆರಳು ಜಾಸ್ತಿ ಇರಬಹುದು. ಟಾಪಿನ ಎತ್ತರ ನನ್ನ ಎದೆಗೂ ಬರಲಿಲ್ಲ. ಅವಳು ಪಕ್ಕದ ಟ್ರಕ್ಕನ್ನೂ ಇದನ್ನೂ ನೋಡಿದಳು. "ಅದು ಹಿಂದಿನಿಂದ ಬಂದರೆ ಅವನಿಗೆ ನಾವು ಕಾಣ್ತೀವಾ?" ಅಂತ ಕೇಳಿದಳು. ಆ ಭಯಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಹೆದ್ದಾರಿಯಲ್ಲಿ ಹೋಗುವಾಗ ಎಲ್ಲರ ಕನ್ನಡಿಯಲ್ಲೂ ನಾನಿದ್ದೇನಾ ಅಂತ ನೋಡಿಕೊಂಡೇ ಹೋಗುತ್ತೇನೆ.

ಮಿಯಾಟಾದ ಮುಖವೂ ಅದಕ್ಕೆ ತೊಂದರೆ ಕೊಟ್ಟಿದೆ. 1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೊ ಶೋದಲ್ಲಿ ಅದು ಮೊದಲು ಕಾಣಿಸಿಕೊಂಡಿತು. 1.6 ಲೀಟರ್, 116 ಹಾರ್ಸ್‌ಪವರ್. ಏಳುವ ಬೀಳುವ ಹೆಡ್‌ಲೈಟು, ಕೆಳಗೆ ನಗುವ ಬಾಯಿ. ತೋಶಿಹಿಕೊ ಹಿರಾಯ್ ಅವರ ತಂಡ ಹಿಡಿದುಕೊಂಡಿದ್ದ ಮಾತು "ಜಿನ್‌ಬಾ ಇತ್ತಾಯ್", ಕುದುರೆ ಮತ್ತು ಸವಾರ ಒಂದೇ ಮೈಯಾಗುವುದು. ಆದರೆ ನಗುವ ಮುಖ ನೋಡಿ ಜನ ಹೇಳಿದ್ದು "ಹೆಂಗಸರ ಕಾರು". ಇಂಗ್ಲೆಂಡಿನಲ್ಲಿ ಇದನ್ನು ತಲೆಕೂದಲು ಕತ್ತರಿಸುವವರ ಕಾರು ಅಂತ ಆಡಿಕೊಂಡರು. ಎಷ್ಟು ಗಂಡಸರು ಈ ಒಂದೇ ಮಾತಿಗೆ ಹೆದರಿ ಬೇರೆ ಕಾರು ಕೊಂಡಿರಬಹುದು! ಹಾಗಿದ್ದರೂ 2016ರ ಏಪ್ರಿಲ್ ಹೊತ್ತಿಗೆ ಹತ್ತು ಲಕ್ಷ ಮಿಯಾಟಾಗಳು ತಯಾರಾಗಿದ್ದವು. ನಾಲ್ಕನೇ ತಲೆಮಾರಿಗೆ ಮಜ್ದಾದವರು ಸಪೂರ ಕಣ್ಣು, ಬಿಗಿದ ದವಡೆ ಕೊಟ್ಟರು. ಮುಖ ಸಿಟ್ಟಾಯಿತು. ಮೈ ಮಾತ್ರ ಮೊದಲನೆಯದಕ್ಕಿಂತ ಗಿಡ್ಡವಾಯಿತು. ಎಲ್ಲರೂ ಉಬ್ಬುತ್ತಿದ್ದಾಗ ಒಬ್ಬರು ಕುಗ್ಗಿಸಿದರು. ಅದಕ್ಕೆ ನನ್ನ ಮೆಚ್ಚುಗೆ ದೊಡ್ಡದು.

ನಾವು ನೋಡಿದ್ದು 2019ರ ಮಾದರಿ. 181 ಹಾರ್ಸ್‌ಪವರ್, 1,060 ಕೆಜಿಯ ಹತ್ತಿರ ತೂಕ. ನನ್ನ ಕೂಪೆಗೆ 300ಕ್ಕೂ ಮೇಲೆ, ತೂಕ 1,600 ದಾಟಿತ್ತು. ಕಾಗದದಲ್ಲಿ ಕೂಪೆಯೇ ವೇಗ. ಕೂತು ಸೀಟು ಎಳೆದುಕೊಂಡೆ. ಮಂಡಿ ಸ್ಟೇರಿಂಗ್ ಕೆಳಗೆ ಹೇಗೋ ಹಿಡಿಸಿತು. ಗೇರ್ ಲಿವರ್ ಚಿಕ್ಕದು, ತೋಳು ಅಲುಗಿಸದೆ ಬರೀ ಮಣಿಕಟ್ಟಿನಲ್ಲೇ ಟಕ್ ಅಂತ ಬೀಳುತ್ತದೆ. ಹೊರಗೆ ಬಂದು ಮೊದಲ ತಿರುವು ತೆಗೆದೆ. 35 ಮೈಲಿ. ನಾನು ನಗುತ್ತಿದ್ದೆ ಅಂತ ಹೆಂಡತಿ ಆಮೇಲೆ ಹೇಳಿದಳು.

ಏನಾಯಿತು ಅಲ್ಲಿ? ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಯಲ್ಲಿ ಕೂತರೆ 60 ಕಿಲೋಮೀಟರ್ ವೇಗ ನಿದ್ದೆ ಬರಿಸುತ್ತದೆ. ಸೈಕಲ್ಲಿನಲ್ಲಿ ಇಳಿಜಾರಿಗೆ ಬಿಟ್ಟರೆ 30ಕ್ಕೇ ಎದೆ ಹೊಡೆದುಕೊಳ್ಳುತ್ತದೆ. ನೆಲ ಎಷ್ಟು ಹತ್ತಿರ, ಗಾಳಿ ಎಷ್ಟು ಮುಖಕ್ಕೆ, ಕೈಗೆ ಎಷ್ಟು ಸುದ್ದಿ ಬರುತ್ತದೆ, ಅದರ ಮೇಲೆ ಮೈ ವೇಗವನ್ನು ತೀರ್ಮಾನಿಸುತ್ತದೆ. ಸೀಟು ಕೆಳಗಿದ್ದರೆ ರಸ್ತೆಯ ಗೆರೆಗಳು ಕಣ್ಣ ಪಕ್ಕದಲ್ಲೇ ಓಡುತ್ತವೆ. ಹಾಗೆ ನೋಡಿದರೆ ಮಿಯಾಟಾ ಕೊಡುವುದೂ ಒಂದು ಭಾಸವೇ, ಸ್ಪೀಕರ್ ಕೊಟ್ಟ ಹಾಗೆಯೇ. ಇದನ್ನು ಒಪ್ಪಿಕೊಳ್ಳಲು ನನಗೆ ಸಮಯ ಹಿಡಿಯಿತು. ನನ್ನ ಪಾಲಿಗೆ ವ್ಯತ್ಯಾಸ ಬೇರೆ ಕಡೆ ಇದೆ. ಕೂಪೆಯ ಭಾಸ ಸಿಗಬೇಕಾದರೆ ಆ ಹೈವೇ ತಿರುವು ಬೇಕಿತ್ತು, ಕಾಲು ಪೂರ್ತಿ ಒತ್ತಬೇಕಿತ್ತು. ಇದು ಹಾಲು ತರಲು ಹೋದರೂ ಸಿಗುತ್ತದೆ. ಪೊಲೀಸರು ನಿಲ್ಲಿಸದ ವೇಗದಲ್ಲಿ ಸಿಗುತ್ತದೆ.

ಆ ಮಿಯಾಟಾವನ್ನೇ ಕೊಂಡೆವು. ಆ ಅಕ್ಟೋಬರ್‌ನಲ್ಲಿ ಅದರಲ್ಲೇ ಬ್ಲೂ ರಿಡ್ಜ್ ಪಾರ್ಕ್‌ವೇಗೆ ಹೋದೆವು. 469 ಮೈಲಿಯ ಬೆಟ್ಟದ ದಾರಿ. ಹೆಚ್ಚಿನ ಕಡೆ 45 ಮೈಲಿಗಿಂತ ಜಾಸ್ತಿ ಹೋಗುವ ಹಾಗಿಲ್ಲ. ಗ್ರ್ಯಾಂಡ್‌ಫಾದರ್ ಬೆಟ್ಟದ ಪಕ್ಕದಲ್ಲಿ ಲಿನ್ ಕೋವ್ ಸೇತುವೆ ಇದೆ. ಬಂಡೆಗಳನ್ನು ಕಡಿಯದೆ, ಬೆಟ್ಟದ ಸೊಂಟಕ್ಕೆ ಡಾಬು ತೊಡಿಸಿದ ಹಾಗೆ ಬಳಸಿಕೊಂಡು ಹೋಗುತ್ತದೆ. ಟಾಪ್ ತೆಗೆದಿದ್ದೆವು. ಹಳದಿ ಎಲೆಯೊಂದು ಬಂದು ನಮ್ಮಿಬ್ಬರ ನಡುವೆ ಹ್ಯಾಂಡ್‌ಬ್ರೇಕ್ ಹತ್ತಿರ ಬಿತ್ತು. ಒದ್ದೆ ಮಣ್ಣಿನ ವಾಸನೆ ಆಗುಂಬೆ ಘಾಟಿಯ ವಾಸನೆಯೇ. ಮೂರನೇ ಗೇರಿನಲ್ಲಿ ಎಂಜಿನ್ ಸಣ್ಣಗೆ ಕೂಗುತ್ತಿತ್ತು. ಹೆಂಡತಿ ಆ ಎಲೆಯನ್ನು ತೆಗೆದು ಗ್ಲೋವ್ ಬಾಕ್ಸ್ ಹುಡುಕಿದಳು. ಆ ಕಾರಿಗೆ ಗ್ಲೋವ್ ಬಾಕ್ಸೇ ಇಲ್ಲ. ಪರ್ಸಿನಲ್ಲಿಟ್ಟುಕೊಂಡಳು.

ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಸೇರಿದಾಗ ಕಾರಿನ ಸುತ್ತ ನಾಲ್ಕು ಜನ ನಿಂತರು. "ಎಷ್ಟು ಹಾರ್ಸ್‌ಪವರ್?" ಅಂತ ಒಬ್ಬರು ಕೇಳಿದರು. 181 ಅಂದೆ. "ಓ" ಅಂದರು, ಮಾತು ಹೋಳಿಗೆ ಕಡೆ ಹೋಯಿತು. "ಮಕ್ಕಳನ್ನ ಎಲ್ಲಿ ಕೂರಿಸ್ತೀರಿ?" ಅಂದರು ಇನ್ನೊಬ್ಬರು. ನ್ಯಾಯವಾದ ಪ್ರಶ್ನೆ. ಮನೆಗೆ ಇನ್ನೊಂದು ಕಾರಿದೆ ಅಂತ ಹೇಳಬೇಕಾಯಿತು. ಎರಡು ಸೀಟಿನ ಕಾರು ಇಟ್ಟುಕೊಳ್ಳುವುದು ಅನುಕೂಲ ಇದ್ದವರ ಮಾತು. ಅದು ನನಗೆ ಗೊತ್ತು.

ಊರಿಗೆ ಬಂದಾಗಲೂ ಇದೇ ಯೋಚನೆ. ಬೆಂಗಳೂರಿನಲ್ಲಿ ಭಾನುವಾರ ಬೆಳಗ್ಗೆ ಲ್ಯಾವೆಲ್ಲೆ ರೋಡಿನಲ್ಲಿ ಕೋಟಿಗಳ ಕಾರುಗಳು ಹಂಪ್ ಮುಂದೆ ನಿಂತು, ಮೂತಿ ಎತ್ತಿಕೊಂಡು, ಓರೆಯಾಗಿ ಹತ್ತಿ ಇಳಿಯುವುದನ್ನು ನೋಡಿದ್ದೇನೆ. ಪೂರ್ತಿ ಆಮದಾದ ದುಬಾರಿ ಕಾರಿಗೆ ಹಲವು ವರ್ಷ ನೂರಕ್ಕೆ ನೂರು ಸುಂಕ ಇತ್ತು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ಶೇಕಡಾ 18. ಅಷ್ಟು ಕೊಟ್ಟ ಮೇಲೆ ಸಣ್ಣ ಕಾರು, ನಗುವ ಮುಖದ ಕಾರು ಯಾರು ತರುತ್ತಾರೆ? 90ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲೇ ಸ್ಯಾನ್ ಸ್ಟಾರ್ಮ್ ಅಂತ ಫೈಬರ್ ಮೈಯ ಎರಡು ಸೀಟಿನ ಕಾರು ಬಂದಿತ್ತು. 1.2 ಲೀಟರ್ ರೆನೊ ಎಂಜಿನ್, 60ರ ಆಸುಪಾಸಿನ ಹಾರ್ಸ್‌ಪವರ್. ಕಾಲೇಜಿನಲ್ಲಿದ್ದಾಗ ಎಂಜಿ ರೋಡಿನಲ್ಲಿ ಒಂದನ್ನು ನೋಡಿ ಬಸ್ಸಿನಿಂದ ಕತ್ತು ಹೊರಗೆ ಹಾಕಿದ್ದೆ. ಅದು ಉಳಿಯಲಿಲ್ಲ. ಉಳಿದಿದ್ದರೆ ನಮ್ಮ ಘಾಟಿಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತಿತ್ತು.

ಮಿಯಾಟಾ ಬಂದ ಮೇಲೆ ಕೂಪೆಯನ್ನು ಮಾರಲು ಇಟ್ಟೆ. ನೋಡಲು ಬಂದವನು ಹಾಸನದ ಕಡೆಯ ಹುಡುಗ, ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಕಾರಿನ ಸುತ್ತ ಎರಡು ಸಲ ಬಂದ. ಬಾನೆಟ್ ಮೇಲೆ ಕೈ ಇಟ್ಟ, ತೆಗೆದ, ಮತ್ತೆ ಇಟ್ಟ. ಒಳಗೆ ಕೂತು ಸ್ಟಾರ್ಟ್ ಮಾಡಿ ಒಂದು ಸಲ ರೈಸ್ ಮಾಡಿದ. ಅವನ ಮುಖ ಅರಳಿತು. ಮುಚ್ಚಿಟ್ಟು ಮಾರಲು ನನಗೆ ಮನಸ್ಸಾಗಲಿಲ್ಲ.

"ಒಂದು ವಿಷಯ ಹೇಳಿಬಿಡ್ತೀನಿ. ಈ ಸದ್ದಿನಲ್ಲಿ ಅರ್ಧ ಸ್ಪೀಕರ್‌ದು."

"ಗೊತ್ತು ಅಣ್ಣ. ಓದಿದೀನಿ" ಅಂದ.

ಗಾಜು ಪೂರ್ತಿ ಮೇಲೆ ಏರಿಸಿಕೊಂಡ. ನನಗೆ ಹೊರಗಿನ ಸಪ್ಪೆ ಸದ್ದು ಮಾತ್ರ ಕೇಳುತ್ತಿತ್ತು. ಒಳಗೆ ಅವನು ಕಣ್ಣು ಮುಚ್ಚಿ ಇನ್ನೊಂದು ಸಲ ರೈಸ್ ಮಾಡಿದ.